ಸಾವಿರಕ್ಕೆ 24 ಶಿಲ್ಲಿಂಗ್

ಶ್ರೋತೃಗಳಿಗೆ ನಮಸ್ಕಾರ.

ಇಟ್ಟಿಗೆ ಮಾಡುವವನೊಬ್ಬ ತನ್ನ ಇಟ್ಟಿಗೆಗೆ ತಾನೇ ಬೆಲೆ ಕಟ್ಟಿದ ಪ್ರಸಂಗವೊಂದನ್ನು ಇಂದು ಹೇಳಬೇಕೆಂದಿದ್ದೇನೆ. ಆತನ ಹೆಸರು ವೀಲರ್. ಇಂಗ್ಲೆಂಡಿನಿಂದ ಕೈದಿಗಳನ್ನು ತುಂಬಿಕೊಂಡು ಹೊರಟ ಹಡಗುಗಳು 1788ರ ಜನವರಿಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯನ್ನು ಮುಟ್ಟಿ, ಮೂಲನಿವಾಸಿಗಳಾದ ಗಡಿಗಲ್ ಜನರ ನೆಲದಲ್ಲಿ ಬ್ರಿಟಿಷರ ವಸಾಹತು ತಲೆಯೆತ್ತಿದಾಗ, ಊರಾಚೆ ಜೇಡಿಮಣ್ಣು ಸಿಕ್ಕಿದ ಜಾಗಕ್ಕೆ ಬ್ರಿಕ್‌ಫೀಲ್ಡ್, ಎಂದರೆ ಇಟ್ಟಿಗೆ ಬಯಲು, ಎಂಬ ಹೆಸರೇ ನಿಂತಿತು. ಅಲ್ಲಿಯ ಮುಖ್ಯ ಇಟ್ಟಿಗೆಗಾರರಲ್ಲಿ ವೀಲರನೂ ಒಬ್ಬ.

1790ರ ಸುಮಾರಿಗೆ ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ ಅವನ ಕೆಲಸದ ವಿವರವನ್ನು ಲೆಕ್ಕ ಸಮೇತ ಬರೆದಿಟ್ಟ. ಮೊದಲು ವೀಲರನಿಗೆ ಗೊತ್ತುಮಾಡಿದ್ದು ತಿಂಗಳಿಗೆ ಇಟ್ಟಿಗೆ, ಹೆಂಚು ಸೇರಿ 30,000. ಕೈಕೆಳಗೆ 21 ಆಳುಗಳು. ಮುಂದೆ ಅದನ್ನು 40,000ಕ್ಕೆ ಏರಿಸಿದಾಗ ಹೆಚ್ಚಿಗೆ ಸಿಕ್ಕಿದ್ದು ಒಬ್ಬ ಆಳು ಮತ್ತು ಇಬ್ಬರು ಹುಡುಗರು, ಅಷ್ಟೇ. ಸೌದೆ ಕಡಿಯುವುದರಿಂದ ಹಿಡಿದು ಮಣ್ಣು ಅಗೆಯುವುದು, ಅಚ್ಚು ಹಾಕುವುದು, ಗೂಡು ಸುಡುವುದು ಎಲ್ಲವೂ ಅವರ ತಲೆಯ ಮೇಲೆಯೇ. ಇಟ್ಟಿಗೆಯ ಮಣ್ಣು ಪಕ್ಕದಲ್ಲೇ ಇತ್ತು. ಹೆಂಚಿನ ಮಣ್ಣನ್ನು 200 ಗಜ ದೂರದಿಂದ ತರಬೇಕಿತ್ತು.

ಆ ಕಾಲದ ಕೈ ಇಟ್ಟಿಗೆಯ ಕೆಲಸ ನಮ್ಮ ಹಳ್ಳಿಗಳ ಗೂಡುಗಳನ್ನು ಕಂಡವರಿಗೆ ಹೊಸದೇನಲ್ಲ. ಮರದ ಅಚ್ಚಿಗೆ ಮಣ್ಣು ಅಂಟದಂತೆ ಮರಳು ಉದುರಿಸಿ, ಹದವಾದ ಮುದ್ದೆಯನ್ನು ರಪ್ಪನೆ ಬಡಿದು, ಮೇಲೆ ಉಳಿದದ್ದನ್ನು ಗೀರಿ ತೆಗೆದು, ಹಸಿ ಇಟ್ಟಿಗೆಯನ್ನು ಒಣಗಲು ಜೋಡಿಸುತ್ತಿದ್ದರು. ಹಾಗೆ ಎತ್ತಿಡುವಾಗ ಒತ್ತಿದ ಹೆಬ್ಬೆರಳಿನ ಗುರುತು ಬೆಂಕಿಯಲ್ಲಿ ಬೆಂದ ಮೇಲೂ ಅಳಿಯದೆ ಉಳಿದಿರುವ ಹಳೆಯ ಇಟ್ಟಿಗೆಗಳು ಸಿಡ್ನಿಯಲ್ಲಿ ಈಗಲೂ ಕಾಣಸಿಗುತ್ತವೆ.

ಇನ್ನು ಬೆಲೆಯ ಮಾತು. ವೀಲರ್ ಬಹುಕಾಲ ಥೇಮ್ಸ್ ದಡದ ಕಿಂಗ್‌ಸ್ಟನ್ನಿನಲ್ಲಿ ಇದ್ದವನು. ಸಿಡ್ನಿಯ ತನ್ನ ಈ ಇಟ್ಟಿಗೆಯನ್ನು 1784ರಲ್ಲಿ ಅಲ್ಲಿ ಮಾರಿದ್ದರೆ ಸಾವಿರಕ್ಕೆ ಸುಮಾರು 1 ಪೌಂಡ್ 4 ಶಿಲ್ಲಿಂಗ್, ಅಂದರೆ 24 ಶಿಲ್ಲಿಂಗ್ ತರುತ್ತಿತ್ತು, ಇಂಗ್ಲೆಂಡಿನವರು ಅದನ್ನು ತಕ್ಕಮಟ್ಟಿಗೆ ಒಳ್ಳೆಯದು ಎನ್ನುತ್ತಿದ್ದರು, ಆದರೆ ಬಹಳ ಪೆಡಸು, ಬೇಗ ಮುರಿಯುತ್ತದೆ ಎಂದು ಅವನು ಹೇಳಿದ. ಹೆಂಚಂತೂ ಲಂಡನ್ನಿನ ಹೆಂಚಿಗೆ ಸಮವಲ್ಲವೆಂದ. ಮಣ್ಣಿನಲ್ಲೇ ಸತ್ವ ಸಾಲದು. ಅದನ್ನು ಅರೆಯುವ ಯಂತ್ರವೂ ಇಲ್ಲದ್ದರಿಂದ ಕಾಲಿನಲ್ಲೇ ತುಳಿಯಬೇಕಾಗಿತ್ತು. ಸರ್ಕಾರದ ಬಿಟ್ಟಿ ದುಡಿಮೆಯಲ್ಲಿದ್ದವನು, ಮಾರಾಟವೇ ಇಲ್ಲದ ಮಾಲಿಗೆ, ಇಷ್ಟು ನಿಷ್ಠುರವಾಗಿ ಬೆಲೆ ಕಟ್ಟಿದ್ದು ನನಗಂತೂ ಅಚ್ಚರಿ ತರುತ್ತದೆ. ಇಂದು ಪ್ಯಾರಮಟ್ಟ ಎನ್ನಿಸಿಕೊಂಡಿರುವ ರೋಸ್ ಹಿಲ್‌ನ ಇಟ್ಟಿಗೆಗಾರನಿಗೆ ಇಂಥ ಸಂಕೋಚವಿರಲಿಲ್ಲ: ತನ್ನದು ಬರ್ಮಿಂಗ್‌ಹ್ಯಾಮಿನಲ್ಲಿ 30 ಶಿಲ್ಲಿಂಗಿಗೂ ಮಿಗಿಲಾಗಿ ಹೋಗುತ್ತದೆ ಎಂದು ಅವನು ಅದೇ ಟೆಂಚ್‌ಗೆ ಹೇಳಿದ್ದ!

ಸುಟ್ಟ ಇಟ್ಟಿಗೆ ಊರು ಸೇರುವುದೂ ಸುಲಭವಿರಲಿಲ್ಲ. ಹಡಗಿನಲ್ಲಿ ತಂದಿದ್ದ ಬೆರಳೆಣಿಕೆಯ ದನಗಳು 1788ರಲ್ಲೇ ತಪ್ಪಿಸಿಕೊಂಡು ಕಾಡು ಸೇರಿದ್ದವು. ಎತ್ತಿನ ಜಾಗದಲ್ಲಿ ಮನುಷ್ಯರೇ ನೊಗಕ್ಕೆ ಬಂದರು: ಒಂದು ಬಂಡಿಗೆ 12 ಜನ, ಒಂದು ಹೇರಿಗೆ 350 ಇಟ್ಟಿಗೆ, ದಿನಕ್ಕೆ 5 ಸಲ.

ಕಟ್ಟುವಲ್ಲಿಯೂ ತೊಡಕು. ಹತ್ತಿರದಲ್ಲಿ ಸುಣ್ಣಕಲ್ಲು ಇರಲಿಲ್ಲವಾಗಿ, ಮೂಲನಿವಾಸಿಗಳು ತಲೆಮಾರುಗಳಿಂದ ತಿಂದು ಬಿಟ್ಟಿದ್ದ ಚಿಪ್ಪಿನ ರಾಶಿಗಳನ್ನೇ ಸುಟ್ಟು ಸುಣ್ಣ ಮಾಡಿಕೊಂಡರು. ಅದೂ ಸಾಲದೆ ಎಷ್ಟೋ ಗೋಡೆಗಳಿಗೆ ಬರೀ ಮಣ್ಣಿನ ಗಾರೆಯೇ ಗತಿಯಾಯಿತು. ಹೀಗಿದ್ದೂ, ಕಿಂಗ್‌ಸ್ಟನ್ನಿನ ಕಡೆಯವನೇ ಆದ ಜೇಮ್ಸ್ ಬ್ಲಡ್ಸ್‌ವರ್ತ್ ಎಂಬ ಕೈದಿ ಮೇಸ್ತ್ರಿ 1788ರಲ್ಲಿ ಕಟ್ಟಲು ತೊಡಗಿದ ಗವರ್ನರ್ ಫಿಲಿಪ್‌ನ ಮನೆ ಅರ್ಧ ಶತಮಾನಕ್ಕೂ ಮಿಕ್ಕಿ ನಿಂತಿತು. 1840ರ ದಶಕದಲ್ಲಿ ಅದನ್ನು ಕೆಡವಿದರು. 1983ರ ಉತ್ಖನನದಲ್ಲಿ ಅದರ ಬುನಾದಿ ಮತ್ತೆ ಬೆಳಕಿಗೆ ಬಂದಿತು. ಈಗ ಅಲ್ಲಿ ಸಿಡ್ನಿ ವಸ್ತುಸಂಗ್ರಹಾಲಯವಿದೆ, ಆ ಅವಶೇಷಗಳನ್ನು ಗಾಜಿನ ಕೆಳಗೆ ಬಗ್ಗಿ ನೋಡಬಹುದು.

ನಮಸ್ಕಾರ.