ಮಂಚದ ಕೆಳಗೆ ನೀರು, ಸಜ್ಜಾದ ಮೇಲೆ ಕಾಗದ

ಕೇಳುಗ ಬಂಧುಗಳೇ, ನಮಸ್ಕಾರ.

ಆಪತ್ತಿಗೆಂದು ಒಂದಿಷ್ಟು ಸಾಮಾನು ತೆಗೆದಿಡಿ ಅಂದರೆ ನಮ್ಮ ರಾಯಚೂರಿನ ಮನೆಗಳಲ್ಲಿ ಮೊದಲು ಬರುವ ಮಾತು, "ಇಡಾಕ ಜಾಗ ಎಲ್ಲೈತ್ರಿ?" ಕೇಳುವುದರಲ್ಲಿ ತಪ್ಪಿಲ್ಲ. ಇರುವುದು ಒಂದು ಸಣ್ಣ ಮಲಗುವ ಕೋಣೆ, ಅದರಲ್ಲಿ ಒಂದು ಮಂಚ, ಒಂದು ಟ್ರಂಕು, ಗೋಡೆಗೊಂದು ಸಜ್ಜಾ. ಆದರೆ ಐದು ಜನರಿಗೆ ಮೂರು ದಿನಕ್ಕಾಗುವಷ್ಟು ಸಾಮಾನು ಅಷ್ಟರಲ್ಲೇ ಹಿಡಿಸುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಾತ್ರ ಯೋಚಿಸಬೇಕು.

ಯಾಕೆಂದರೆ ನಮ್ಮ ಜಿಲ್ಲೆಗೆ ಎರಡು ಕಡೆಯಿಂದ ಕಾಟ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಇಲ್ಲಿ ಒಂದು ಹನಿ ಬೀಳದಿದ್ದರೂ ಘಟ್ಟದಲ್ಲಿ ಸುರಿದ ಮಳೆಗೆ ಹೊಳೆ ತುಂಬಿ ಬರುತ್ತದೆ. 2009ರ ಮಹಾಪೂರ ಕಂಡವರು ಇದನ್ನು ಇನ್ನೂ ಮರೆತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದಾಗ ಹೊಳೆದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಇದೇ ಊರುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಳೆಗೆ ಹೆದರಿ ಎಲ್ಲವನ್ನೂ ಸಜ್ಜಾಕ್ಕೆ ಏರಿಸಿದರೆ, ತಗಡಿನ ಕಾವಿಗೆ ಗುಳಿಗೆ ಕೆಡುತ್ತವೆ, ಟಾರ್ಚಿನ ಸೆಲ್ಲು ಸೋರುತ್ತವೆ, ಪವರ್ ಬ್ಯಾಂಕು ಉಬ್ಬುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಇವು ಕೆಳಗಿರಲಿ. ಮಿರಗದ ಮಳೆ ಶುರುವಾಗುವ ಹೊತ್ತಿಗೆ ಮೇಲೆ ಹೋಗಲಿ. ವರ್ಷಕ್ಕೆ ಎರಡು ಸಲ ಕೈಯಾಡಿಸಿದರೆ ಅವಧಿ ಮುಗಿದ ಔಷಧವೂ ಕಣ್ಣಿಗೆ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ ನೀರು. ಹೊಳೆ ಊರೊಳಗೆ ನುಗ್ಗಿದಾಗ ಸುತ್ತೆಲ್ಲ ನೀರೇ ಇದ್ದರೂ ಕುಡಿಯಲು ಒಂದು ಲೋಟ ಸಿಗುವುದಿಲ್ಲ. ಹೊಳೆ ಬಾರದೆಯೂ ನೀರು ಕೆಡುತ್ತದೆ: 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡರು. ಒಬ್ಬರಿಗೆ ದಿನಕ್ಕೆ 3 ಲೀಟರ್ ಹಿಡಿದರೂ ಐವರಿಗೆ ಮೂರು ದಿನಕ್ಕೆ 45 ಲೀಟರ್ ಬೇಕು. ದೊಡ್ಡ ಕ್ಯಾನು ಮಂಚದ ಕೆಳಗೆ ಹೋಗದು, ಹೋದರೂ ಹೊರಗೆಳೆಯುವುದು ಕಷ್ಟ. ತಂಪು ಪಾನೀಯದ 2 ಲೀಟರಿನ ಬಾಟಲಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಿ, ಬಿಗಿಯಾಗಿ ಮುಚ್ಚಿ ಅಡ್ಡಡ್ಡ ಮಲಗಿಸಿ. 23 ಬಾಟಲಿ ಒಂದೇ ಮಂಚದ ಕೆಳಗೆ ಎರಡು ಸಾಲಿನಲ್ಲಿ ಸಲೀಸಾಗಿ ಕೂಡುತ್ತವೆ. ನಮ್ಮ ಸೆಕೆಗೆ ಮೂರು ತಿಂಗಳಿಗೊಮ್ಮೆ ಆ ನೀರನ್ನು ಪಾತ್ರೆ ತೊಳೆಯಲು ಬಳಸಿ ಹೊಸದು ತುಂಬಿ.

ಊಟದ ಚಿಂತೆ ನಮ್ಮ ಸೀಮೆಯವರಿಗೆ ಅಷ್ಟಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಟಾಣಿ, ಬೆಲ್ಲ. ಒಲೆ ಹಚ್ಚದೆ ತಿನ್ನುವಂಥ ಇದನ್ನೆಲ್ಲ ನಮ್ಮ ಅವ್ವಂದಿರು ಎಂದೋ ಮಾಡಿಟ್ಟಿದ್ದಾರೆ. ಇಲಿ ಬಾರದಂತೆ ಸ್ಟೀಲ್ ಡಬ್ಬಿಯಲ್ಲಿಡಿ, ಸಾಕು.

ಔಷಧದ ಡಬ್ಬಿಯಲ್ಲಿ ಓ.ಆರ್.ಎಸ್., ಅಂದರೆ ವಾಂತಿ-ಭೇದಿಯಾದಾಗ ನೀರಿಗೆ ಕಲಸಿ ಕುಡಿಯುವ ಪುಡಿಯ ಪೊಟ್ಟಣ ಇರಲೇಬೇಕು. ದೊಡ್ಡ ಪೊಟ್ಟಣವಾದರೆ 1 ಲೀಟರ್ ನೀರಿಗೆ ಒಂದು, ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ, ಕರೆಂಟು ಹೋದಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಸಿ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿಡಿ. ಟಾರ್ಚಿನ ಸೆಲ್ಲು ಬಿಚ್ಚಿ ಪಕ್ಕದಲ್ಲೇ ಇರಲಿ.

ಆಧಾರ್, ರೇಷನ್ ಕಾರ್ಡು, ಪಹಣಿ, ಪಾಸ್‌ಬುಕ್ಕು ಇವು ಮಾತ್ರ ಎಲ್ಲ ಕಾಲದಲ್ಲೂ ಸಜ್ಜಾದ ಮೇಲೆ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ, ಬಾಗಿಲ ಕಡೆಯ ತುದಿಗಿರಲಿ. ಕತ್ತಲಲ್ಲೂ ಕೈಗೆ ಸಿಗಬೇಕು. ಜೊತೆಗೊಂದು ಚೀಟಿಯಲ್ಲಿ 112, 108, ಜಿಲ್ಲಾ ಸಹಾಯವಾಣಿ 1077 ಎಂದು ಬರೆದಿಡಿ.

ಗ್ಯಾಸ್ ಸಿಲಿಂಡರು, ಪೆಟ್ರೋಲು ಎಷ್ಟೇ ಇಕ್ಕಟ್ಟಾದರೂ ಮಲಗುವ ಕೋಣೆಗೆ ತರಬೇಡಿ. ಬಾಗಿಲಿಗೆ ಅಡ್ಡಲಾಗಿ ಟ್ರಂಕು ಇಟ್ಟಿದ್ದರೆ ಇವತ್ತೇ ಸರಿಸಿ.

ನಮಸ್ಕಾರ.