ಮೊದಲು ಕೈಗೆ ಹಗ್ಗ, ಆಮೇಲೆ ಸೂತ್ರ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಗಣಿತದ ಮೇಷ್ಟ್ರು. ನಿವೃತ್ತನಾಗಿದ್ದೇನೆ, ಆದರೆ ಮಾತಾಡುವಾಗ ಈಗಲೂ ಕೈ ಸೀಮೆಸುಣ್ಣ ಹುಡುಕುತ್ತದೆ. ಮಾಡಿ ಕಲಿಯುವುದರ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದಾರೆ. ನಾಲ್ಕು ಇಲ್ಲ ನನ್ನ ಹತ್ತಿರ, ಇರುವುದು ಒಂದೇ. ಮೊದಲು ಮಗುವಿನ ಕೈಗೆ ಏನಾದರೂ ಕೊಡಿ, ಆಮೇಲೆ ಸೂತ್ರ ಕೊಡಿ. ನಾವು ಸೂತ್ರ ಮೊದಲು ಕೊಡುತ್ತೇವೆ. ಕೈಗೆ ಕೊಡುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದಾಗಿನ ಮಾತು. ಎಂಟನೇ ತರಗತಿ. ಬೋರ್ಡಿನ ಮೇಲೆ ಲೆಕ್ಕ ಬರೆದೆ. ಹೊಲದ ಉದ್ದ 99 ಅಡಿ, ಅಗಲ 66 ಅಡಿ, ವಿಸ್ತೀರ್ಣ ಎಷ್ಟು? ಎಲ್ಲರೂ ಗುಣಿಸಿದರು. 6534 ಚದರ ಅಡಿ. ಸರಿ ಉತ್ತರ. ಸುಮ್ನೆ ಕೇಳಿದೆ, "ಎಷ್ಟು ಗುಂಟೆ ಆಯ್ತು?" ಗಪ್‌ಚುಪ್. "ಹೋಗಲಿ, ನಮ್ಮ ಶಾಲೆ ಜಾಗ ಎಷ್ಟು ಗುಂಟೆ?" ಒಬ್ಬ ಎರಡು ಅಂದ. ಇನ್ನೊಬ್ಬಳು ಇನ್ನೂರು ಅಂದಳು. ಎಲ್ಲರೂ ರೈತರ ಮಕ್ಕಳು ಸ್ವಾಮಿ!

ಮಾರನೆ ದಿನ ಬಾವಿ ಸೇದುವ ಹಗ್ಗ ತರಿಸಿದೆ. ಎಲ್ಲ ಸೇರಿಸಿ ಕಟ್ಟಿ, 33 ಅಡಿಗೆ ಒಂದರಂತೆ ಕೆಂಪು ಬಟ್ಟೆ ಸುತ್ತಿದೆವು. 33 ಅಡಿ ಉದ್ದ, 33 ಅಡಿ ಅಗಲ, ಅದೇ ಒಂದು ಗುಂಟೆ. ಚದರ ಅಡಿಯಲ್ಲಿ 1089. ನಾಲ್ಕು ಮಕ್ಕಳು ನಾಲ್ಕು ಕೆಂಪು ಗುರುತು ಹಿಡಿದು ಮೂಲೆಗೆ ನಿಂತರು. "ಚೌಕ ಆಯ್ತು ಸಾರ್" ಅಂದರು. ನಾನೂ ಹೂಂ ಅಂದೆ.

ಅಲ್ಲೇ ಶೌಚಾಲಯದ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿ ನಕ್ಕುಬಿಟ್ಟರು. "ಏನ್ ಮೇಷ್ಟ್ರೇ, ಮೂಲೆ ಸೊಟ್ಟಗಿದೆಯಲ್ಲ!" ಹುಡುಗರು ಬಿಡುತ್ತಾರೆಯೇ? ನಾಲ್ಕು ಕಡೆಯೂ 33 ಅಡಿ ಇದೆ, ಒಂದು ಗುಂಟೆಯೇ ಸರಿ ಅಂತ ವಾದಕ್ಕೆ ನಿಂತರು. ಆಗ ಮೂಲೆಯಲ್ಲಿದ್ದ ಹುಡುಗಿ ಏನೂ ಮಾತಾಡದೆ ಎದುರು ಮೂಲೆಯವನ ಕಡೆಗೆ ನಡೆಯತೊಡಗಿದಳು. ಹಗ್ಗ ಬಿಗಿಯಾಗಿಯೇ ಇರಲಿ ಅಂತ ಉಳಿದಿಬ್ಬರು ಹಿಂದೆ ಹಿಂದೆ ಹೋದರು. ಚೌಕ ಚಪ್ಪಟೆ ಆಗುತ್ತಾ ಬಂತು. ಕೊನೆಗೆ ಅವಳು ಅವನ ಪಕ್ಕದಲ್ಲೇ ನಿಂತಳು. ಹಗ್ಗ ಹಗ್ಗಕ್ಕೆ ತಾಗಿತ್ತು. "ಸಾರ್, ಈಗಲೂ ನಾಲ್ಕು ಕಡೆ 33 ಅಡಿನೇ ಇದೆ. ಜಾಗ ಎಲ್ಲಿ?"

ನನ್ನ ಬಾಯಿ ಕಟ್ಟಿಹೋಯಿತು.

ಮೇಸ್ತ್ರಿ ಕೆಲಸ ಬಿಟ್ಟು ಬಂದರು. ಮೂಲೆಯಿಂದ ಒಂದು ಕಡೆ ಮೂರು ಅಡಿಗೆ ಗುರುತು, ಇನ್ನೊಂದು ಕಡೆ ನಾಲ್ಕು ಅಡಿಗೆ ಗುರುತು. ಆ ಎರಡು ಗುರುತಿನ ನಡುವೆ ಓರೆಗೆ ಅಳೆದರೆ ಸರಿಯಾಗಿ ಐದು ಅಡಿ ಬರಬೇಕು. ಬಂದರೆ ಮೂಲೆ ನೆಟ್ಟಗಿದೆ ಅಂತ. ಅದು ಪೈಥಾಗೊರಸ್ ಪ್ರಮೇಯ. ಹತ್ತನೇ ತರಗತಿಗೆ ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದೆ, ಹಗ್ಗದಲ್ಲಿ ಹಿಡಿದು ನೋಡಿದ್ದು ಅವತ್ತೇ. ಮೇಸ್ತ್ರಿಗೆ ಆ ಹೆಸರು ಗೊತ್ತಿರಲಿಲ್ಲ, ನನಗೆ ಆ ಕೆಲಸ ಗೊತ್ತಿರಲಿಲ್ಲ.

ಮೂಲೆ ಸರಿ ಮಾಡಿಕೊಂಡು, ಸುಣ್ಣದಲ್ಲಿ ಗೆರೆ ಹಾಕುತ್ತಾ ಒಂದೊಂದೇ ಗುಂಟೆ ಅಳೆಯುತ್ತಾ ಹೋದೆವು. ಮೊದಲ ಸಾಲಿನಲ್ಲಿ ಎಂಟು ಚೌಕ. ಎರಡನೇ ಸಾಲಿನಲ್ಲೂ ಎಂಟು. ಮೂರನೇ ಸಾಲಿಗೆ ಹಗ್ಗ ಕೆಳಗಿಟ್ಟರು. "ಇನ್ನು ಆ ಕಡೆ ಎಷ್ಟು ಸಾಲು ಅಂತ ನೋಡಿದರೆ ಸಾಕು ಸಾರ್." ಆರು ಸಾಲು. ಎಂಟಾರ್ಲೆ ನಲವತ್ತೆಂಟು. ಉದ್ದ ಗುಣಿಸು ಅಗಲ ಅಂತ ನಾನು ಹೇಳಲೇ ಇಲ್ಲ, ನೋಡಿ! ಬಿಸಿಲು ತಡೆಯಲಾರದೆ ಅವರೇ ಕಂಡುಕೊಂಡರು.

40 ಗುಂಟೆಗೆ ಒಂದು ಎಕರೆ. ನಮ್ಮ ಲೆಕ್ಕದಲ್ಲಿ ಶಾಲೆ ಜಾಗ ಒಂದು ಎಕರೆ ಎಂಟು ಗುಂಟೆ. ಕಾಗದದಲ್ಲಿ ಒಂದು ಎಕರೆ ಹತ್ತು ಗುಂಟೆ ಇತ್ತು. ಆ ಎರಡು ಗುಂಟೆ ಯಾವ ಬೇಲಿ ಒಳಗೆ ಹೋಯಿತು ಅನ್ನುವುದನ್ನು ಬಾನುಲಿಯಲ್ಲಿ ಹೇಳುವುದು ಬೇಡ. ಆಮೇಲೆ ಒಬ್ಬ ಹುಡುಗ ಮನೆಯ ಪಹಣಿ ತಂದ. ಅದರಲ್ಲಿ 1.20 ಅಂತಿತ್ತು. ಅವನು ಅಷ್ಟು ದಿನ ಅದನ್ನು ಒಂದು ಪಾಯಿಂಟ್ ಎರಡು ಎಕರೆ ಅಂದುಕೊಂಡಿದ್ದ. ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ! ಅವನ ಮುಖ ನೋಡಬೇಕಿತ್ತು. ಅವರಪ್ಪ ಕೂತಲ್ಲೇ ಹೊಸ ಜಮೀನು ಕೊಂಡ ಹಾಗಿತ್ತು.

"ಪಾಠ ಮುಗಿಯಲ್ಲ ಸಾರ್, ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅಂತ ಶಿಕ್ಷಕರು ಕೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ, ಕ್ಷಮಿಸಿ. ನನಗೆ ಮೂರು ದಿನ ಹೋಯಿತು, ನಿಜ. ಆಮೇಲೆ ವಿಸ್ತೀರ್ಣದ ಪಾಠ ಎರಡೇ ಪೀರಿಯಡ್‌ನಲ್ಲಿ ಮುಗಿಯಿತು.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇರೆ ವಿಷಯಗಳಿಗೆ ಬೇಗ ಬರುತ್ತೇನೆ.

ಅದೇ ಹುಡುಗಿಗೆ, ಅದೇ ಹಗ್ಗ ಹಿಡಿದವಳಿಗೆ, ಈ ವರ್ಷ ಯಾವ ಪಾಠ ನೆನಪಿದೆ ಬರಿ ಅಂದೆ. ಅರ್ಧ ಪುಟ ಬರೆದಳು. ಗಣಿತದಲ್ಲಿ ಹಗ್ಗ. ಸಮಾಜದಲ್ಲಿ ಊರ ಕೆರೆ ಏರಿಯ ವೀರಗಲ್ಲು. ಟೀಚರ್ ಅದರ ಮುಂದೆ ಕೂರಿಸಿ, ನೀವೇ ಓದಿ ಅಂದರಂತೆ. ಕೆಳಗಿನ ಪಟ್ಟಿಯಲ್ಲಿ ಯುದ್ಧ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ವೀರ. ತುದಿಯಲ್ಲಿ ಸೂರ್ಯ, ಚಂದ್ರ. "ಪುಸ್ತಕ ಮೇಲಿಂದ ಕೆಳಗೆ ಓದಬೇಕು, ಈ ಕಲ್ಲು ಕೆಳಗಿಂದ ಮೇಲೆ" ಅಂತ ಬರೆದಿದ್ದಳು. ಕೊನೆಯಲ್ಲಿ ಒಂದು ದೂರು. "ಕನ್ನಡದಲ್ಲಿ ಮಾತ್ರ ನಮ್ಮ ಕೈಗೆ ಏನೂ ಕೊಡಲಿಲ್ಲ."

ಚೀಟಿಯನ್ನು ಕನ್ನಡ ಮೇಡಮ್ಮಿಗೆ ತೋರಿಸಿದೆ. ಪಾಪ, ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಪತ್ರಲೇಖನಕ್ಕೆ 'ಅ ಬ ಕ' ಅಂತ ಸುಳ್ಳು ವಿಳಾಸ ಬರೆಸುವುದು ಬಿಟ್ಟು, ಶಾಲೆಯ ಮುರಿದ ನಲ್ಲಿಯ ಬಗ್ಗೆ ನಿಜವಾದ ಪತ್ರ ಬರೆಸಿ ಅಂಚೆಗೆ ಹಾಕಿಸಿದರು. ಉತ್ತರ ಬರಲಿಲ್ಲ. ಮಕ್ಕಳು ಸಿಟ್ಟಾಗಿ ಎರಡನೇ ಪತ್ರ ಬರೆದರು. ಅದರ ಕನ್ನಡ ಮೊದಲನೆಯದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ತಂದೆ ತಾಯಂದಿರೇ, ರಾತ್ರಿ ಹನ್ನೊಂದಕ್ಕೆ ಕೂತು ನೀವೇ ಥರ್ಮಕೋಲ್ ಕತ್ತರಿಸಿ ಪ್ರಾಜೆಕ್ಟ್ ಮಾಡಿಕೊಡಬೇಡಿ. ಅದು ನಿಮ್ಮ ಕೈ, ಮಗುವಿನದಲ್ಲ. ಮೊದಲು ಮಗುವಿನ ಕೈಗೆ.

ವಿಜ್ಞಾನಕ್ಕೆ ಒಂದೇ ನಿಮಿಷ ಉಳಿದಿದೆ. ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಮೀಟರ್ ದಾರ ತಗೊಳ್ಳಿ. ತುದಿಗೆ ಸಣ್ಣ ಬೀಗ ಕಟ್ಟಿ ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ. ಜಾಸ್ತಿ ಎಳೆಯಬೇಡಿ, ಒಂದು ಗೇಣು ಎಳೆದು ಬಿಟ್ಟರೆ ಸಾಕು. ಹತ್ತು ಸಲ ಹೋಗಿ ಬರುವುದಕ್ಕೆ ಸುಮಾರು 20 ಸೆಕೆಂಡ್ ಹಿಡಿಯುತ್ತದೆ. ಮಗುವೇ ಎಣಿಸಲಿ. ಆಮೇಲೆ ಅದೇ ದಾರಕ್ಕೆ ಗೇಟಿನ ದೊಡ್ಡ ಬೀಗ ಕಟ್ಟಿ. ಬಿಡುವ ಮೊದಲು ಮನೆಯವರೆಲ್ಲ ಹೇಳಬೇಕು, ಈಗ ಬೇಗ ತೂಗುತ್ತದೋ, ನಿಧಾನವೋ?

ಉತ್ತರ ನಾನು ಹೇಳುವುದಿಲ್ಲ. ನಮಸ್ಕಾರ.