ಜ್ವರದಲ್ಲಿ ತೀರಿಕೊಂಡ ಸೈನಿಕ

ಕೇಳುಗರಿಗೆ ನಮಸ್ಕಾರ.

ಕಾರವಾರದ ಕಡಲತೀರದಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯನ್ನು ನೀವೆಲ್ಲ ನೋಡಿದ್ದೀರಿ. ಚೆಂಡಿಯಾದ ಈ ಮಗ 1948ರ ಏಪ್ರಿಲ್‌ನಲ್ಲಿ, ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ಹಾದಿಯಲ್ಲಿ, ಗುಂಡಿನ ಸುರಿಮಳೆಯ ನಡುವೆ ನೆಲಬಾಂಬುಗಳನ್ನು ಕಿತ್ತು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರು. ಇಂಥ ಶೌರ್ಯವನ್ನು ನೆನೆಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಯುದ್ಧಕ್ಕೆಂದು ಹೋಗಿ, ಗಾಯವೇ ಆಗದೆ, ಕಾಯಿಲೆಯಿಂದ ಸತ್ತ ಸೈನಿಕ? ಅವನ ಮಾತು ಬಂದರೆ ಮನೆಯವರೂ ದನಿ ತಗ್ಗಿಸುತ್ತಾರೆ. ಈ ಸಂಕೋಚ ನನಗೆ ಒಪ್ಪಿಗೆಯಿಲ್ಲ.

ಲಾರ್ಡ್ ರಾಬರ್ಟ್ಸ್ ಅವರನ್ನೇ ನೋಡಿ. 1832ರಲ್ಲಿ ಕಾನ್ಪುರದಲ್ಲಿ ಹುಟ್ಟಿದವರು, ಬ್ರಿಟಿಷರ ಅತಿ ದೊಡ್ಡ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು, ಭಾರತದ ಸೇನೆಯ ಮುಖ್ಯಸ್ಥರಾಗಿದ್ದವರು. ಸಹೋದರತ್ವವನ್ನು ಸಾರುವ ಹಳೆಯ ಸಂಘವಾದ ಫ್ರೀಮೇಸನ್ ಬಳಗದ ಸದಸ್ಯರೂ ಹೌದು. ಮೂಲೆಮಟ್ಟ ಮತ್ತು ಕೈವಾರ ಆ ಬಳಗದ ಗುರುತು. ಅಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಸಹೋದರ ಎಂದೇ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1914ರ ನವೆಂಬರ್‌ನಲ್ಲಿ, 82ರ ವಯಸ್ಸಿನಲ್ಲಿ, ಅವರು ಫ್ರಾನ್ಸಿಗೆ ಹೋದದ್ದು ಅಲ್ಲಿದ್ದ ಭಾರತೀಯ ಸೈನಿಕರನ್ನು ಕಂಡು ಮಾತನಾಡಿಸಲು. ಆ ಚಳಿಗೆ ನ್ಯುಮೋನಿಯಾ ಹಿಡಿಯಿತು. ನವೆಂಬರ್ 14ರಂದು ಸೇಂಟ್ ಒಮೇರ್‌ನಲ್ಲಿ ತೀರಿಕೊಂಡರು.

ಅವರು ಸಾಮ್ರಾಜ್ಯದ ಸೇನಾನಿ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದವರ ನಾಡಿನಲ್ಲಿ ನಿಂತು ನಾನು ಆ ಸಾಮ್ರಾಜ್ಯವನ್ನು ಹೊಗಳಲಾರೆ. ಆದರೂ ನಮ್ಮವರನ್ನು ನೋಡಲು ಬಂದು ಪ್ರಾಣ ಬಿಟ್ಟ ಆ ಮುದುಕನಿಗೆ ಕೈ ಮುಗಿಯುತ್ತೇನೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಅವರ ಸಮಾಧಿಯಿದೆ. ನಮ್ಮವರಿಗೆ?

ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಮರಾಠಾ ಪಲ್ಟನ್‌ಗಳು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಕುಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ, ತಿನ್ನಲು ಕಾಳಿಲ್ಲದೆ, ಆ ಸೈನಿಕರು ರಕ್ತಪಿತ್ತ (ಸ್ಕರ್ವಿ) ಮತ್ತು ಆಮಶಂಕೆಯಿಂದ ಬಳಲಿದರು. ಆ ರಣರಂಗದಲ್ಲಿ ಕಾಯಿಲೆಯೊಂದೇ 12 ಸಾವಿರಕ್ಕೂ ಹೆಚ್ಚು ಜನರನ್ನು ತಿಂದಿತು. ಬಾಗ್ದಾದ್ ಗೆದ್ದ ಜನರಲ್ ಮಾಡ್ ಅವರನ್ನೂ 1917ರ ನವೆಂಬರ್‌ನಲ್ಲಿ ಕಾಲರಾ ಬಿಡಲಿಲ್ಲ.

ಫ್ರೀಮೇಸನ್ನರು ಆ ಯುದ್ಧದಲ್ಲಿ ಸತ್ತ ತಮ್ಮ ಮೂರು ಸಾವಿರಕ್ಕೂ ಹೆಚ್ಚು ಸಹೋದರರ ನೆನಪಿಗೆ ಲಂಡನ್ನಿನಲ್ಲಿ ದೊಡ್ಡ ಭವನವನ್ನೇ ಕಟ್ಟಿದರು. ಅದು 1933ರಲ್ಲಿ ಮುಗಿಯಿತು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವಂತೂ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸೇವೆಯಲ್ಲಿದ್ದು ಸತ್ತವರನ್ನೆಲ್ಲ, ಗುಂಡಿಗೋ ಜ್ವರಕ್ಕೋ ಎಂದು ಕೇಳದೆ, ಯುದ್ಧದಲ್ಲಿ ಮಡಿದವರೆಂದೇ ಎಣಿಸಿತು. ಅವರ ಹೆಸರುಗಳನ್ನು ಈಗ ಯಾರು ಬೇಕಾದರೂ ಹುಡುಕಬಹುದು.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ದೊರೆಯ ತಲೆಯಿರುವ ಹಳೆಯ ಬೆಳ್ಳಿ ಪದಕವೇನಾದರೂ ಇದ್ದರೆ ಅದರ ಅಂಚನ್ನು ಒರೆಸಿ, ಬೆಳಕಿಗೆ ಹಿಡಿಯಿರಿ. ಸೈನಿಕನ ಸಂಖ್ಯೆ, ಹೆಸರು, ಪಲ್ಟನ್ ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತದೆ. ಬರೆದಿಟ್ಟುಕೊಳ್ಳಿ. ಮಕ್ಕಳಿಗೆ ಹೇಳುವಾಗ, ಅಜ್ಜ ಯುದ್ಧಕ್ಕೆ ಹೋಗಿ ಕಾಲರಾದಿಂದ ತೀರಿಕೊಂಡರು ಎಂದು ಗಟ್ಟಿಯಾಗಿಯೇ ಹೇಳಿ. ನಮಸ್ಕಾರ.